ಭಯ ಹೋದ ಮೇಲೆ ಅಲ್ಲ, ಭಯದ ಜೊತೆಗೇ: ಫೋಬಿಯಾ ಮತ್ತು ಆತಂಕವನ್ನು ಎದುರಿಸಲು ಸಮಗ್ರ ಮಾರ್ಗದರ್ಶಿ

4 ವರ್ಷ ನಾನು ಲಿಫ್ಟ್ ಹತ್ತಲಿಲ್ಲ. ಕೆಲಸ ಇದ್ದದ್ದು 7ನೇ ಮಹಡಿಯಲ್ಲಿ. ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋಗಿ, ಏದುಸಿರು ಇಳಿಯುವವರೆಗೆ ಕಿಟಕಿ ಹತ್ತಿರ ನಿಲ್ಲುತ್ತಿದ್ದೆ. ಯಾರಾದರೂ ಕೇಳಿದರೆ "ಮೈಗೆ ಒಳ್ಳೆಯದು" ಅನ್ನುತ್ತಿದ್ದೆ. ನಿಜವಾದ ಕಾರಣ ಬೇರೆ. ಒಮ್ಮೆ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಹೋಗಿತ್ತು. ದೀಪ ಆರಿಹೋಯಿತು. 20 ನಿಮಿಷ ಒಬ್ಬಳೇ ಕತ್ತಲಲ್ಲಿ ಇದ್ದೆ. ಆಮೇಲೆ ಬಾಗಿಲು ತೆರೆಯಿತು, ನನಗೇನೂ ಆಗಿರಲಿಲ್ಲ. ಆದರೂ ಮಾರನೇ ದಿನ ಲಿಫ್ಟ್ ಎದುರು ಹೋಗಿ ನಿಂತರೆ ಕಾಲು ಮುಂದೆ ಹೋಗಲೇ ಇಲ್ಲ.

ಆ 4 ವರ್ಷವೂ ನಾನು ಕಾದದ್ದು ಒಂದಕ್ಕೇ. ಮೊದಲು ಭಯ ಹೋಗಲಿ, ಆಮೇಲೆ ಹತ್ತುತ್ತೇನೆ ಅಂತ. ಭಯ ಹೋಗಲಿಲ್ಲ, ಬೆಳೆಯಿತು. ಮೊದಲು ಲಿಫ್ಟ್ ಮಾತ್ರ ಇತ್ತು. ಆಮೇಲೆ ಕಿಟಕಿ ಇಲ್ಲದ ಕೋಣೆ ಸೇರಿಕೊಂಡಿತು. ಆಮೇಲೆ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕಾದ ಜಾಗಗಳೆಲ್ಲ ಸೇರಿಕೊಂಡವು. ಈ ಲೆಕ್ಕವನ್ನು ತಿರುಗಿಸಿ ಹಾಕಿದ ಮೇಲೆ ನನಗೆ ದಾರಿ ಕಂಡಿತು. ಮೊದಲು ಹೋಗುವುದು, ಭಯವನ್ನೂ ಜೊತೆಗೆ ಕರೆದುಕೊಂಡೇ. ಅದು ಕಡಿಮೆಯಾಗುವುದು ಆಮೇಲಿನ ಮಾತು.

ಅದನ್ನು ಮಾಡುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಅವಸರ ಬೇಡ. ಓದಲು ಅರ್ಧ ಗಂಟೆ ಸಾಕು, ಮಾಡಲು ಕೆಲವು ವಾರಗಳೇ ಬೇಕು.

ಭಯ ಬೆಳೆಯುವುದು ಹೇಗೆ?

ಮಿದುಳಿನಲ್ಲಿ ಅಮಿಗ್ಡಾಲಾ ಅನ್ನುವ ಒಂದು ಪುಟ್ಟ ಭಾಗ ಇದೆ, ಬಾದಾಮಿ ಬೀಜದಷ್ಟು. ಅಪಾಯದ ವಾಸನೆ ಬಂದರೆ ಸಾಕು, ನೀವು ಯೋಚನೆ ಮಾಡುವುದಕ್ಕೂ ಮೊದಲೇ ಅದು ಗಂಟೆ ಬಾರಿಸಿಬಿಡುತ್ತದೆ. ಅಡ್ರಿನಲಿನ್ ಅನ್ನುವ ಹಾರ್ಮೋನು ರಕ್ತದಲ್ಲಿ ಹರಿಯುತ್ತದೆ. ಎದೆ ಢವಗುಟ್ಟುತ್ತದೆ, ಉಸಿರು ಜೋರಾಗುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ. ಓಡಲು ಅಥವಾ ಹೋರಾಡಲು ಮೈ ಮಾಡಿಕೊಳ್ಳುವ ತಯಾರಿ ಇದು. ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದರು. ಅಂದರೆ ನಿಮ್ಮ ಮೈ ಕೆಟ್ಟಿಲ್ಲ. ಅದರ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿದೆ, ಬೇಡದ ಹೊತ್ತಿನಲ್ಲಿ ಮಾಡುತ್ತಿದೆ ಅಷ್ಟೇ.

ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಅನ್ನುತ್ತೇವಲ್ಲ, ಅದು ಭಯ ಹುಟ್ಟುವ ಬಗೆ. ಆದರೆ ಹುಟ್ಟಿದ ಭಯ ವರ್ಷಗಟ್ಟಲೆ ಉಳಿಯುವುದು ಯಾಕೆ? ಹೋಬಾರ್ಟ್ ಮೌರರ್ ಅನ್ನುವ ಮನಶ್ಶಾಸ್ತ್ರಜ್ಞರು 1947ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಹೆದರಿಸುವ ವಸ್ತುವಿನಿಂದ ದೂರ ಸರಿದ ಕೂಡಲೇ ನಮಗೆ ಹಗುರ ಅನಿಸುತ್ತದೆ. ಆ ಹಗುರವೇ ಬಹುಮಾನ. "ನೋಡು, ಓಡಿಬಂದದ್ದಕ್ಕೇ ಬದುಕಿದೆ" ಅಂತ ಮಿದುಳು ಬರೆದಿಟ್ಟುಕೊಳ್ಳುತ್ತದೆ. ಅದು ಹಗ್ಗವೋ ಹಾವೋ ಅಂತ ಹತ್ತಿರ ಹೋಗಿ ನೋಡುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ನಾನು ಮೆಟ್ಟಿಲು ಹತ್ತಿದ ಒಂದೊಂದು ದಿನವೂ ಆ ಭಯಕ್ಕೆ ಒಂದೊಂದು ತುತ್ತು ತಿನ್ನಿಸುತ್ತಿದ್ದೆ.

ಹೆದರಿಕೆ ಎಲ್ಲರಿಗೂ ಇರುತ್ತದೆ. ಅದನ್ನು ಫೋಬಿಯಾ ಅನ್ನುವುದು ಯಾವಾಗ? ನಿಜವಾದ ಅಪಾಯಕ್ಕಿಂತ ಭಯ ಬಹಳ ದೊಡ್ಡದಾಗಿದ್ದಾಗ, ಸಾಮಾನ್ಯವಾಗಿ 6 ತಿಂಗಳೋ ಅದಕ್ಕಿಂತ ಜಾಸ್ತಿಯೋ ಇದ್ದಾಗ, ಮತ್ತು ಅದರಿಂದ ನಿಮ್ಮ ಬದುಕಿನ ದಾರಿಯೇ ಬದಲಾಗುತ್ತಿದ್ದಾಗ. ಕೊನೆಯದೇ ಮುಖ್ಯ. ಹಾವು ಕಂಡರೆ ಆಗದವರು ಹಾವೇ ಇಲ್ಲದ ಕಡೆ ಬದುಕುತ್ತಿದ್ದರೆ ಅದರ ಬಗ್ಗೆ ಏನೂ ಮಾಡಬೇಕಿಲ್ಲ.

ಒಪ್ಪಿಕೊಳ್ಳುವುದು ಅಂದರೆ ಏನು?

ಈ ಮಾತನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ನಾನೂ ತಿಳಿದಿದ್ದೆ. "ಒಪ್ಪಿಕೋ" ಅಂದರೆ "ನಿನ್ನ ಹಣೆಬರಹ ಇಷ್ಟೇ, ಸುಮ್ನೆ ಇರು" ಅಂತ ಕೇಳಿಸುತ್ತಿತ್ತು. ಹಾಗಲ್ಲ. ಲಿಫ್ಟ್ ಹತ್ತದೆ ಇರುವುದನ್ನು ಒಪ್ಪಿಕೊಳ್ಳಿ ಅಂತ ಯಾರೂ ಹೇಳುತ್ತಿಲ್ಲ. ಹತ್ತುವಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದು ಹೊಡೆದುಕೊಳ್ಳಲಿ ಅಂತ ಬಿಡುವುದು, ಅಷ್ಟೇ.

ಆಸ್ಟ್ರೇಲಿಯಾದ ವೈದ್ಯೆ ಕ್ಲೇರ್ ವೀಕ್ಸ್ ಇದನ್ನು ತುಂಬಾ ಚೆನ್ನಾಗಿ ಬಿಡಿಸಿ ಹೇಳಿದರು. ಭಯ ಎರಡು ಬಗೆಯದು ಅನ್ನುವುದು ಅವರ ಮಾತು. ಮೊದಲನೆಯದು ಮೈಯಲ್ಲಿ ತಾನಾಗಿ ಚಿಮ್ಮುತ್ತದೆ, ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ಅದರ ಮೇಲೆ ನಾವು ಹೇರುತ್ತೇವೆ. "ಅಯ್ಯೋ, ಮತ್ತೆ ಶುರುವಾಯಿತು! ಇನ್ನೇನು ಬಿದ್ದೇಹೋಗುತ್ತೇನೆ!" ಅನ್ನುವುದು. ಮೊದಲ ಭಯ ತನ್ನಷ್ಟಕ್ಕೆ ಏರಿ ಇಳಿಯುತ್ತದೆ. ಎರಡನೆಯದು ಅದಕ್ಕೆ ಮತ್ತೆ ಮತ್ತೆ ಎಣ್ಣೆ ಹೊಯ್ಯುತ್ತದೆ. ವೀಕ್ಸ್ ತಮ್ಮ ರೋಗಿಗಳಿಗೆ ಹೇಳುತ್ತಿದ್ದದ್ದು ನಾಲ್ಕು ಮಾತು: ಎದುರಿಸಿ, ಒಪ್ಪಿಕೊಳ್ಳಿ, ತೇಲಿ, ಕಾಲ ಕಳೆಯಲು ಬಿಡಿ. ಅವರಿಗಿಂತ ಮೊದಲೇ ಜಪಾನಿನ ವೈದ್ಯ ಶೋಮಾ ಮೊರಿಟಾ ಕೂಡ ಇದೇ ದಾರಿ ಹಿಡಿದಿದ್ದರು. ಅವರ ಪದ "ಅರುಗಮಾಮ". ಇದ್ದದ್ದು ಇದ್ದ ಹಾಗೆ ಅಂತ ಅರ್ಥ.

ಭಯವನ್ನು ಒತ್ತಿ ಹಿಡಿದರೆ ಏನಾಗುತ್ತದೆ ಅಂತ ನೋಡಬೇಕಾ? ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು 1987ರಲ್ಲಿ ಒಂದು ಪ್ರಯೋಗ ಮಾಡಿದರು. "5 ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದಾಗಲೆಲ್ಲ ಗಂಟೆ ಬಾರಿಸಿ" ಅಂತ ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ "ಈಗ ಯೋಚಿಸಬಹುದು" ಅಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. "ಹೆದರಬೇಡ, ಹೆದರಬೇಡ" ಅಂತ ನಮಗೆ ನಾವೇ ಹೇಳಿಕೊಳ್ಳುವಾಗ ಆಗುವುದೂ ಇದೇ.

ಶುರು ಮಾಡುವ ಮುಂಚೆ

ಎದೆನೋವು, ಎದೆ ಜೋರಾಗಿ ಬಡಿದುಕೊಳ್ಳುವುದು, ತಲೆ ಸುತ್ತು, ಇದ್ದಕ್ಕಿದ್ದಂತೆ ತೂಕ ಇಳಿಯುವುದು ಇದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ಥೈರಾಯ್ಡ್ ಜಾಸ್ತಿಯಾದರೂ ಆತಂಕದ ಹಾಗೇ ಕಾಣುತ್ತದೆ. ಹೃದಯದ ತೊಂದರೆಯನ್ನು "ಗಾಬರಿ ಅಷ್ಟೇ" ಅಂತ ತಳ್ಳಿಹಾಕುವುದು ತಪ್ಪು.

ಹಿಂಸೆ, ಅಪಘಾತ, ದೌರ್ಜನ್ಯದ ನೆನಪುಗಳು ಕಾಡುತ್ತಿದ್ದರೆ, ಕುಡಿತದಿಂದ ಭಯವನ್ನು ಮುಚ್ಚುವ ಅಭ್ಯಾಸ ಆಗಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ, ಕೆಳಗಿನ ಹೆಜ್ಜೆಗಳನ್ನು ಒಬ್ಬರೇ ಮಾಡಬೇಡಿ. ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರ ಜೊತೆ ಮಾಡಿ. ಬದುಕು ಬೇಡ ಅನಿಸುತ್ತಿದ್ದರೆ ಇವತ್ತೇ ಯಾರಿಗಾದರೂ ಹೇಳಿ.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆಯಿರಿ

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಈ ವಾರ ಏನನ್ನೂ ಬದಲಾಯಿಸಬೇಡಿ. ಭಯ ಬಂದಾಗಲೆಲ್ಲ ನಾಲ್ಕು ಸಾಲು ಬರೆಯಿರಿ. ಎಲ್ಲಿದ್ದೆ, ಮೈಯಲ್ಲಿ ಏನಾಯಿತು, ತಲೆಯಲ್ಲಿ ಯಾವ ಮಾತು ಬಂತು, ನಾನು ಏನು ಮಾಡಿದೆ. ನನ್ನ ಮೊದಲ ವಾರದ ಒಂದು ಪುಟ ಹೀಗಿದೆ:

"ಮಂಗಳವಾರ, ಬೆಳಿಗ್ಗೆ 9:40. ಜೊತೆಯವರು 'ಬನ್ನಿ, ಲಿಫ್ಟ್‌ನಲ್ಲಿ ಹೋಗೋಣ' ಅಂದರು. ಗಂಟಲು ಬಿಗಿಯಿತು. ಅಂಗೈ ಒದ್ದೆ. 'ಒಳಗೆ ಉಸಿರು ಕಟ್ಟುತ್ತೆ' ಅನ್ನುವ ಯೋಚನೆ. ಫೋನ್ ಬಂದಿದೆ ಅಂತ ಸುಳ್ಳು ಹೇಳಿ ಹಿಂದೆ ಉಳಿದೆ. ತಕ್ಷಣ ಹಗುರ. ಮಧ್ಯಾಹ್ನದವರೆಗೆ ನಾಚಿಕೆ."

ಎಷ್ಟೋ ದಿನ ಆದ ಮೇಲೆ ಈ ಪುಟ ನೋಡಿದಾಗ ಕೊನೆಯ ಎರಡು ಮಾತು ಕಣ್ಣಿಗೆ ಬಿದ್ದವು. ಹಗುರ ಅನಿಸಿದ್ದು ಒಂದು ಕ್ಷಣ, ನಾಚಿಕೆ ಅರ್ಧ ದಿನ. ತಪ್ಪಿಸಿಕೊಳ್ಳುವುದರ ಬೆಲೆ ಎಷ್ಟು ಅಂತ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ, ನನ್ನ ಅಕ್ಷರದಲ್ಲೇ ಇತ್ತು. ಅದಕ್ಕೇ ಬರೆಯಿರಿ ಅನ್ನುವುದು. ತಲೆಯಲ್ಲೇ ಇಟ್ಟುಕೊಂಡರೆ ಇದು ಕಾಣುವುದಿಲ್ಲ.

ಹೆಜ್ಜೆ 2: ಭಯದ ತಳ ಮುಟ್ಟಿ

"ನನಗೆ ನಾಯಿ ಅಂದರೆ ಭಯ", "ವೇದಿಕೆ ಅಂದರೆ ಭಯ" ಅನ್ನುವುದು ಮೇಲಿನ ಪದರ. ಕೆಳಗೆ ಇನ್ನೊಂದು ಇರುತ್ತದೆ. ಅದನ್ನು ಹುಡುಕಲು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಳ್ಳಿ: "ಸರಿ, ಹಾಗೆ ಆದರೆ ಏನಾಗುತ್ತೆ?"

ನಾನು ಕೇಳಿಕೊಂಡೆ. ಲಿಫ್ಟ್ ನಿಲ್ಲುತ್ತೆ. ನಿಂತರೆ? ಗಾಳಿ ಮುಗಿಯುತ್ತೆ. ಇಲ್ಲಿ ಸ್ವಲ್ಪ ಹೊತ್ತು ನಿಂತೆ, ಯಾಕೆಂದರೆ ಅದು ನಿಜವಲ್ಲ ಅಂತ ನನಗೇ ಗೊತ್ತಿತ್ತು. ಲಿಫ್ಟ್‌ಗಳಲ್ಲಿ ಗಾಳಿ ಆಡಲು ಕಿಂಡಿಗಳಿರುತ್ತವೆ, ಅದು ಮುಚ್ಚಳ ಬಿಗಿದ ಡಬ್ಬಿಯಲ್ಲ. ಹಾಗಿದ್ದರೆ ಇನ್ನೇನು? ನಾನು ಕಿರುಚಿಬಿಡುತ್ತೇನೆ. ಕಿರುಚಿದರೆ? ನನ್ನ ಮೇಲೆ ನನಗೇ ಹಿಡಿತ ಇಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ.

ಪೆನ್ನು ಕೆಳಗಿಟ್ಟೆ. 4 ವರ್ಷ ನಾನು ಹೆದರಿದ್ದು ಲಿಫ್ಟ್‌ಗಲ್ಲ, ನನಗೇ. ಹಿಡಿತ ತಪ್ಪಿದ ನನ್ನನ್ನು ಯಾರಾದರೂ ನೋಡಿಬಿಡುತ್ತಾರೆ ಅನ್ನುವುದಕ್ಕೆ.

ಇದು ಗೊತ್ತಾದರೆ ಮುಂದಿನ ಕೆಲಸಕ್ಕೆ ಬಹಳ ಉಪಯೋಗ. ನಾಯಿಗೆ ಹೆದರುವ ಇಬ್ಬರಲ್ಲಿ ಒಬ್ಬರಿಗೆ ಕಚ್ಚುತ್ತೆ ಅನ್ನುವ ಭಯ, ಇನ್ನೊಬ್ಬರಿಗೆ ಎಲ್ಲರೆದುರು ಓಡಿ ನಗೆಪಾಟಲಾಗುವ ಭಯ. ಇಬ್ಬರೂ ಮಾಡಿ ನೋಡಬೇಕಾದದ್ದು ಬೇರೆ ಬೇರೆ.

ಒಂದು ಎಚ್ಚರಿಕೆ. ನಮ್ಮನ್ನು ನಾವು ನೋಡಿಕೊಳ್ಳುವುದು ಬೇರೆ, ಚಿಂತೆಯನ್ನು ಮೆಲುಕು ಹಾಕುವುದು ಬೇರೆ. "ನಾನ್ಯಾಕೆ ಹೀಗೆ? ಎಲ್ಲರೂ ಚೆನ್ನಾಗಿದ್ದಾರೆ, ನನಗೆ ಮಾತ್ರ ಯಾಕೆ?" ಅನ್ನುವುದು ಮೆಲುಕು. ಅದು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. 15 ನಿಮಿಷ ಬರೆದ ಮೇಲೂ ಹೊಸ ಮಾತು ಒಂದೂ ಬಂದಿಲ್ಲ ಅಂದರೆ ನೋಟ್‌ಬುಕ್ ಮುಚ್ಚಿ, ಎದ್ದು ಬೇರೆ ಕೆಲಸ ಮಾಡಿ. "ಯಾಕೆ" ಬಿಟ್ಟು "ಏನಾಯಿತು, ಏನು ಮಾಡಿದೆ" ಅಂತ ಕೇಳಿಕೊಂಡರೆ ಮೆಲುಕು ಕಡಿಮೆ.

ಹೆಜ್ಜೆ 3: ಕಳ್ಳದಾರಿಗಳನ್ನು ಪಟ್ಟಿ ಮಾಡಿ

ಪೂರ್ತಿ ತಪ್ಪಿಸಿಕೊಳ್ಳದೆ ಅರ್ಧ ತಪ್ಪಿಸಿಕೊಳ್ಳುವ ದಾರಿಗಳೂ ಇರುತ್ತವೆ. ನೀರಿನ ಬಾಟಲಿ ಇಲ್ಲದೆ ಹೊರಗೆ ಕಾಲಿಡದಿರುವುದು. ಸಭೆಯಲ್ಲಿ ಯಾವಾಗಲೂ ಬಾಗಿಲ ಪಕ್ಕದ ಕುರ್ಚಿ. ಮಾತಾಡುವ ಸರದಿ ಬಂದಾಗ ಫೋನ್ ನೋಡುವುದು. ಜೊತೆಗೊಬ್ಬರು ಇದ್ದರೆ ಮಾತ್ರ ಹೋಗುವುದು. "ಏನೂ ಆಗಲ್ಲ ಅಲ್ವಾ?" ಅಂತ ದಿನಕ್ಕೆ ಹತ್ತು ಸಲ ಕೇಳುವುದು. ರೋಗದ ಲಕ್ಷಣಗಳನ್ನು ಇಂಟರ್ನೆಟ್‌ನಲ್ಲಿ ಹುಡುಕುತ್ತಾ ಕೂರುವುದು.

ಇವು ನಿರುಪದ್ರವಿ ಅನಿಸುತ್ತವೆ. ತೊಂದರೆ ಏನೆಂದರೆ, ಚೆನ್ನಾಗಿ ಕಳೆದ ದಿನದ ಪುಣ್ಯವೆಲ್ಲ ಬಾಟಲಿಗೆ ಹೋಗುತ್ತದೆ, ನಿಮಗೆ ಸಿಗುವುದಿಲ್ಲ. ಪಟ್ಟಿ ಮಾಡಿ, ಈಗಲೇ ಬಿಡಬೇಡಿ. ಹೆಜ್ಜೆ 6ರಲ್ಲಿ ಒಂದೊಂದಾಗಿ ಬಿಡುತ್ತೀರಿ.

ಹೆಜ್ಜೆ 4: ಮನೆಯಲ್ಲೇ ಅಭ್ಯಾಸ

ದಿನಕ್ಕೆ 10 ನಿಮಿಷ, ಕುರ್ಚಿಯಲ್ಲಿ ಕುಳಿತು. ನಿಮ್ಮ ಭಯದ ಸನ್ನಿವೇಶವನ್ನು ಮನಸ್ಸಿಗೆ ತಂದುಕೊಳ್ಳಿ. ಅತಿ ದೊಡ್ಡದು ಬೇಡ, ನಡುವಿನದು ಸಾಕು. ಮೈಯಲ್ಲಿ ಎಲ್ಲೋ ಒಂದು ಕಡೆ ಅದು ಕಾಣಿಸಿಕೊಳ್ಳುತ್ತದೆ. ಎದೆಯ ನಡುವೆ ಇರಬಹುದು, ಗಂಟಲಲ್ಲಿ ಇರಬಹುದು, ಹೊಕ್ಕುಳ ಮೇಲೆ ಇರಬಹುದು.

ಈಗ ಅದನ್ನು ಹತ್ತಿರದಿಂದ ನೋಡಿ. ಎಷ್ಟು ದೊಡ್ಡದು? ಮುಷ್ಟಿಯಷ್ಟಾ? ಅಂಚು ಎಲ್ಲಿ ಮುಗಿಯುತ್ತದೆ? ಬಿಸಿಯಾ, ತಣ್ಣಗಾ? ಒಂದೇ ಕಡೆ ಇದೆಯಾ, ಓಡಾಡುತ್ತಿದೆಯಾ? ಕರಗಿಸಲು ಹೋಗಬೇಡಿ. ಉಸಿರು ತೆಗೆದುಕೊಳ್ಳುವಾಗ ಅದರ ಸುತ್ತ ಸ್ವಲ್ಪ ಜಾಗ ಬಿಡುತ್ತಿದ್ದೇನೆ ಅಂದುಕೊಳ್ಳಿ. ಮನೆಗೆ ಬಂದ ನೆಂಟರು ಇಷ್ಟವಿರಲಿ ಬಿಡಲಿ, ಸ್ವಲ್ಪ ಸರಿದು ಕೂರಲು ಜಾಗ ಕೊಡುತ್ತೇವಲ್ಲ, ಹಾಗೆ.

ಆಮೇಲೆ ಅದಕ್ಕೆ ಹೆಸರು ಕೊಡಿ. ಬಾಯಿಬಿಟ್ಟು ಹೇಳಿದರೆ ಇನ್ನೂ ಒಳ್ಳೆಯದು. "ಇದು ಭಯ. ಗಂಟಲು ಬಿಗಿದಿದೆ." ಭಾವನೆಗೆ ಹೆಸರು ಕೊಟ್ಟಾಗ ಅಮಿಗ್ಡಾಲಾದ ಚಟುವಟಿಕೆ ತಗ್ಗುತ್ತದೆ ಅಂತ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್‌ಗಳಲ್ಲಿ ತೋರಿಸಿತ್ತು.

ಯೋಚನೆಗಳಿಗೂ ಒಂದು ಉಪಾಯ ಇದೆ. "ನಾನು ಕಿರುಚಿಬಿಡುತ್ತೇನೆ" ಅಂತ ಬಂದರೆ, ಅದನ್ನು "ನಾನು ಕಿರುಚಿಬಿಡುತ್ತೇನೆ ಅನ್ನುವ ಯೋಚನೆ ನನಗೆ ಬರುತ್ತಿದೆ" ಅಂತ ಹೇಳಿಕೊಳ್ಳಿ. ನಾಲ್ಕು ಪದ ಸೇರಿದ್ದು, ಅಷ್ಟೇ. ಆದರೆ ಯೋಚನೆಗೂ ನಿಮಗೂ ನಡುವೆ ಒಂದು ಗೇಣು ಅಂತರ ಬರುತ್ತದೆ. ಸ್ಟೀವನ್ ಹೇಸ್ ಮತ್ತು ಜೊತೆಯವರು ರೂಪಿಸಿದ ಒಪ್ಪಿಗೆ ಮತ್ತು ಬದ್ಧತೆಯ ಚಿಕಿತ್ಸೆಯಲ್ಲಿ ಇದನ್ನು ಕಲಿಸುತ್ತಾರೆ. ಅದೇ ಚಿಕಿತ್ಸೆಯಲ್ಲಿ ಕೇಳುವ ಇನ್ನೊಂದು ಪ್ರಶ್ನೆಯನ್ನೂ ಬರೆದಿಟ್ಟುಕೊಳ್ಳಿ: ಈ ಭಯ ಅಡ್ಡ ಬರದಿದ್ದರೆ ನಾನು ಎಲ್ಲಿಗೆ ಹೋಗುತ್ತಿದ್ದೆ, ಏನು ಮಾಡುತ್ತಿದ್ದೆ? ಆಸ್ಪತ್ರೆಯ 5ನೇ ಮಹಡಿಯಲ್ಲಿದ್ದ ಗೆಳತಿಯ ಮಗುವನ್ನು ನೋಡಲು ನಾನು ಹೋಗಿರಲಿಲ್ಲ. ಮೆಟ್ಟಿಲ ಬಾಗಿಲಿಗೆ ಬೀಗ ಇತ್ತು. ಕೆಳಗಿನಿಂದಲೇ ವಾಪಸ್ ಬಂದಿದ್ದೆ. ನನ್ನ ಉತ್ತರ ಅದಾಗಿತ್ತು.

ಹೆಜ್ಜೆ 5: ಏಣಿ ಕಟ್ಟಿ

1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನುವವರು ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬನ ಬಗ್ಗೆ ಬರೆದರು. ಅವನು ಇಷ್ಟಪಡುವ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಪಂಜರದಲ್ಲಿ ದೂರ ಇಟ್ಟರು. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಅವನೇ ಮೊಲವನ್ನು ಮುದ್ದಿಸಿದ. ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಈ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ದಾರಿಯನ್ನು ಒಂದು ಪೂರ್ಣ ಚಿಕಿತ್ಸೆಯಾಗಿ ಬೆಳೆಸಿದರು. ಭಯಕ್ಕೆ 0ಯಿಂದ 100ರವರೆಗೆ ಅಂಕ ಕೊಡುವ ಪದ್ಧತಿಯೂ ಅವರದ್ದೇ.

ನೀವೂ ಒಂದು ಏಣಿ ಮಾಡಿ. 6ರಿಂದ 10 ಮೆಟ್ಟಿಲು ಸಾಕು. ನನ್ನದು ಹೀಗಿತ್ತು. ಲಿಫ್ಟ್ ಎದುರು 5 ನಿಮಿಷ ನಿಂತು ಬಾಗಿಲು ತೆರೆದು ಮುಚ್ಚುವುದನ್ನು ನೋಡುವುದು, 25. ಬಾಗಿಲು ತೆರೆದಿರುವಾಗ ಒಳಗೆ ಕಾಲಿಟ್ಟು ಹೊರಗೆ ಬರುವುದು, 40. ಜೊತೆಗೊಬ್ಬರನ್ನು ಕರೆದುಕೊಂಡು ಒಂದು ಮಹಡಿ, 55. ಒಬ್ಬಳೇ ಒಂದು ಮಹಡಿ, 70. ಒಬ್ಬಳೇ 7 ಮಹಡಿ, 85. ಜನ ತುಂಬಿದ ಲಿಫ್ಟ್‌ನಲ್ಲಿ ಹಿಂದಿನ ಮೂಲೆಯಲ್ಲಿ ನಿಂತು ಹೋಗುವುದು, 95.

ಮೊದಲ ಮೆಟ್ಟಿಲು 20–30 ಅಂಕದ ಹತ್ತಿರ ಇರಲಿ. ತೀರಾ ಸುಲಭ ಆದರೆ ಕಲಿಯುವುದೇನೂ ಇಲ್ಲ. ಎರಡು ಮೆಟ್ಟಿಲುಗಳ ನಡುವೆ ದೊಡ್ಡ ಕಂದಕ ಕಂಡರೆ ಮಧ್ಯೆ ಇನ್ನೊಂದು ಸೇರಿಸಿ. ನಿಜವಾದ ಅಪಾಯವನ್ನು ಮಾತ್ರ ಏಣಿಗೆ ಹಾಕಬೇಡಿ. ನಾಯಿಯ ಭಯಕ್ಕೆ ಪರಿಚಿತರ ಸಾಧು ನಾಯಿ ಸರಿ, ಬೀದಿಯಲ್ಲಿ ಗುರುಗುಟ್ಟುವ ನಾಯಿ ಬೇಡ.

ಹೆಜ್ಜೆ 6: ಹತ್ತುವ ದಿನ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆಯನ್ನು ನಿಧಾನವಾಗಿ ಓದುವುದಾದರೆ ಇದನ್ನು ಓದಿ.

ಹೋಗುವ ಮುಂಚೆ ನೋಟ್‌ಬುಕ್‌ನಲ್ಲಿ ಊಹೆ ಬರೆಯಿರಿ. "ಭಯ ಆಗುತ್ತೆ" ಅಂತ ಬರೆದರೆ ಸಾಲದು, ಅದು ಹೇಗೂ ಆಗುತ್ತದೆ. ಕಣ್ಣಿಗೆ ಕಾಣುವಂಥದ್ದು ಬರೆಯಿರಿ. "ಕಿರುಚುತ್ತೇನೆ." "ಬೀಳುತ್ತೇನೆ." "ಎಲ್ಲರೂ ನಗುತ್ತಾರೆ." ಎಷ್ಟು ಖಾತ್ರಿ ಅನ್ನುವುದಕ್ಕೂ ಅಂಕ ಕೊಡಿ.

ಒಳಗಿದ್ದಾಗ ಭಯವನ್ನು ಇಳಿಸುವ ಕೆಲಸ ನಿಮ್ಮದಲ್ಲ. ಹಾಡು ಕೇಳುತ್ತಾ, ಎಣಿಸುತ್ತಾ, ಕಣ್ಣು ಮುಚ್ಚಿಕೊಂಡು ಸಮಯ ದೂಡಬೇಡಿ. ಏನು ನಡೆಯುತ್ತಿದೆ ಅಂತ ನೋಡಿ, ಮೈಯಲ್ಲಿ ಆಗುವುದಕ್ಕೆ ಹೆಸರು ಕೊಡಿ. ನಿಧಾನವಾಗಿ ಉಸಿರಾಡುವುದು ಒಳ್ಳೆಯ ಅಭ್ಯಾಸವೇ. ಆದರೆ "ಉಸಿರಾಟದ ವ್ಯಾಯಾಮ ಮಾಡದಿದ್ದರೆ ಸತ್ತೇಹೋಗುತ್ತಿದ್ದೆ" ಅನ್ನುವ ಮಟ್ಟಕ್ಕೆ ಹೋದರೆ ಅದೂ ಹೆಜ್ಜೆ 3ರ ಪಟ್ಟಿಗೆ ಸೇರುತ್ತದೆ.

ನಾನು ಒಬ್ಬಳೇ ಒಂದು ಮಹಡಿ ಹೋದ ದಿನ ಚೆನ್ನಾಗಿ ನೆನಪಿದೆ. ಭಾನುವಾರ, ಕಟ್ಟಡ ಖಾಲಿ. ಗುಂಡಿ ಒತ್ತಿದ ಬೆರಳಿನ ಬೆವರು ಗುಂಡಿಯ ಮೇಲೆ ಉಳಿಯಿತು. ಒಳಗೆ ಹೋದೆ. ಬಾಗಿಲು ಅರ್ಧ ಮುಚ್ಚಿದಾಗ ಕೈ ತಾನಾಗಿ ಅಡ್ಡ ಹೋಯಿತು, ಬಾಗಿಲು ಮತ್ತೆ ತೆರೆಯಿತು. ಹೊರಗೆ ಬಂದು ನಿಂತೆ. ಎರಡನೇ ಸಲ ಕೈ ಕಟ್ಟಿಕೊಂಡು ಹೋದೆ. ಬಾಗಿಲು ಮುಚ್ಚಿತು. ಮೇಲೆಲ್ಲೋ ಹಗ್ಗ ಎಳೆದುಕೊಂಡ ಸದ್ದು. ಬೆನ್ನು ತಾಗಿದ ಉಕ್ಕಿನ ಗೋಡೆ ತಣ್ಣಗಿತ್ತು. "ಗಂಟಲು ಬಿಗಿದಿದೆ. ಕಾಲು ನಡುಗುತ್ತಿದೆ. ಕಿರುಚುತ್ತೇನೆ ಅನ್ನುವ ಯೋಚನೆ ಬರುತ್ತಿದೆ" ಅಂತ ಮೆಲ್ಲಗೆ ಹೇಳಿದೆ. 1 ಆರಿ 2 ಹತ್ತಿಕೊಂಡಿತು. ಬಾಗಿಲು ತೆರೆಯಿತು.

ಹೊರಗೆ ಬಂದು ನೆಲದ ಮೇಲೇ ಕುಳಿತು ಬರೆದೆ. "ಊಹೆ: ಕಿರುಚುತ್ತೇನೆ, 90ರಷ್ಟು ಖಾತ್ರಿ. ಆದದ್ದು: ಕಿರುಚಲಿಲ್ಲ. ಭಯ 80 ಇತ್ತು, ಹಾಗೇ ಇದ್ದಾಗಲೇ 2ನೇ ಮಹಡಿ ಬಂತು."

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಭಯ ಇಳಿದಿರಲಿಲ್ಲ. ಅದು ಇದ್ದಾಗಲೂ ನಾನು ಕಿರುಚಲಿಲ್ಲ ಅನ್ನುವುದು ಹೊಸ ವಿಷಯ. ಭಯ ಅರ್ಧ ಆಗುವವರೆಗೂ ಅಲ್ಲೇ ನಿಲ್ಲಬೇಕು ಅಂತ ಹಿಂದೆ ಹೇಳುತ್ತಿದ್ದರು. ಮನಶ್ಶಾಸ್ತ್ರಜ್ಞೆ ಮಿಷೆಲ್ ಕ್ರಾಸ್ಕೆ ಮುಂತಾದವರ ಕೆಲಸದ ನಂತರ ಆ ಒತ್ತು ಬದಲಾಗಿದೆ. ಊಹೆ ಸುಳ್ಳಾಗುವುದನ್ನು ಕಣ್ಣಾರೆ ನೋಡುವುದು ಮುಖ್ಯ, ಅಂಕ ಇಳಿಯುವುದು ಆಮೇಲೆ. ಅದಕ್ಕೇ ಅಂಕ ಇಳಿಯಲಿಲ್ಲ ಅಂತ ಆ ದಿನವನ್ನು ಸೋಲು ಅಂದುಕೊಳ್ಳಬೇಡಿ.

ಆ ಭಾನುವಾರ ಅದೇ ಒಂದು ಮಹಡಿಯನ್ನು 6 ಸಲ ಹೋದೆ. ಒಂದೇ ಮೆಟ್ಟಿಲನ್ನು ಒಂದೇ ದಿನ ಹಲವು ಸಲ, ವಾರದಲ್ಲಿ ನಾಲ್ಕೈದು ದಿನ ಮಾಡಿ. ತಿಂಗಳಿಗೊಮ್ಮೆ ಧೈರ್ಯ ತಂದುಕೊಂಡು ಮಾಡಿದರೆ ಕಲಿತದ್ದು ಗಟ್ಟಿಯಾಗುವುದಿಲ್ಲ. ಊಹೆಯ ಖಾತ್ರಿ ಚೆನ್ನಾಗಿ ಇಳಿದಾಗ ಮುಂದಿನ ಮೆಟ್ಟಿಲು. ಜೊತೆಗೆ ಒಂದೊಂದು ಕಳ್ಳದಾರಿಯನ್ನೂ ಬಿಡುತ್ತಾ ಹೋಗಿ. ಆಮೇಲೆ ಜಾಗ ಬದಲಾಯಿಸಿ, ಹೊತ್ತು ಬದಲಾಯಿಸಿ, ಬೇರೆ ಲಿಫ್ಟ್, ಬೇರೆ ನಾಯಿ, ಬೇರೆ ಸಭೆ.

ಮಧ್ಯದಲ್ಲಿ ಹೊರಗೆ ಓಡಿ ಬಂದಿರಾ? ಆಗುತ್ತದೆ. ಉಸಿರು ಸರಿಯಾದ ಮೇಲೆ ಅದೇ ದಿನ, ಒಂದು ಮೆಟ್ಟಿಲು ಕೆಳಗಿನದನ್ನಾದರೂ ಮಾಡಿ ಮನೆಗೆ ಹೋಗಿ.

ರಕ್ತ, ಸೂಜಿ ಕಂಡರೆ ತಲೆ ಸುತ್ತುವವರಿಗೆ

ನಿಮ್ಮ ಲೆಕ್ಕ ಸ್ವಲ್ಪ ಬೇರೆ. ಉಳಿದ ಭಯಗಳಲ್ಲಿ ರಕ್ತದೊತ್ತಡ ಏರುತ್ತದೆ. ಇದರಲ್ಲಿ ಮೊದಲು ಏರಿ ಆಮೇಲೆ ಥಟ್ಟನೆ ಕುಸಿಯುತ್ತದೆ, ಅದಕ್ಕೇ ಜನ ಬಿದ್ದುಬಿಡುತ್ತಾರೆ. ಹಾಗಾಗಿ ಮೈ ಸಡಿಲ ಬಿಡುವುದು ಇಲ್ಲಿ ಸಹಾಯ ಮಾಡುವುದಿಲ್ಲ, ಬಿಗಿಯಬೇಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ರೂಪಿಸಿದ ಪದ್ಧತಿ ಇದು. ಕುಳಿತು ತೋಳು, ಕಾಲು, ಹೊಟ್ಟೆಯ ಸ್ನಾಯುಗಳನ್ನು 10–15 ಸೆಕೆಂಡ್ ಬಿಗಿಯಿರಿ. ಮುಖ ಬಿಸಿಯಾದಂತೆ ಅನಿಸುತ್ತದೆ. ಆಮೇಲೆ 20–30 ಸೆಕೆಂಡ್ ಸಾಧಾರಣ ಸ್ಥಿತಿಗೆ ಬನ್ನಿ. ಹೀಗೆ 5 ಸಲ. ಒಂದು ವಾರ ಮನೆಯಲ್ಲಿ ಅಭ್ಯಾಸ ಮಾಡಿ, ಆಮೇಲೆ ಏಣಿ ಹತ್ತಿ. ಸೂಜಿ ಚುಚ್ಚುವವರಿಗೆ ಮೊದಲೇ ಹೇಳಿ, ಮಲಗಿಕೊಂಡೇ ಚುಚ್ಚಿಸಿಕೊಳ್ಳಿ. ಚುಚ್ಚುವ ತೋಳನ್ನು ಮಾತ್ರ ಸಡಿಲ ಬಿಡಿ.

ಇಂಥದ್ದಕ್ಕೇ ಅಂತಿಲ್ಲದ ಆತಂಕ

ಕೆಲವರ ಭಯಕ್ಕೆ ವಸ್ತುವೇ ಇರುವುದಿಲ್ಲ. ಇವತ್ತು ಕೆಲಸದ ಚಿಂತೆ, ನಾಳೆ ಮಕ್ಕಳದು, ರಾತ್ರಿ ಎಚ್ಚರವಾದರೆ ಎಲ್ಲವೂ. ಇದಕ್ಕೆ ಏಣಿ ಕಟ್ಟುವುದು ಕಷ್ಟ. ಥಾಮಸ್ ಬೋರ್ಕೊವೆಕ್ ಮತ್ತು ಜೊತೆಯವರು 1983ರಲ್ಲಿ ತೋರಿಸಿದ ಒಂದು ಉಪಾಯ ನನಗೆ ತಿಳಿದ ಹಲವರಿಗೆ ಉಪಯೋಗಕ್ಕೆ ಬಂದಿದೆ. ಚಿಂತೆಗೆಂದೇ ದಿನಕ್ಕೆ ಅರ್ಧ ಗಂಟೆ ಮೀಸಲಿಡಿ, ಒಂದೇ ಜಾಗ, ಒಂದೇ ಹೊತ್ತು. ಬೇರೆ ಸಮಯದಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದಿಟ್ಟು "6 ಗಂಟೆಗೆ ನೋಡೋಣ" ಅನ್ನಿ. ಚಿಂತೆಯನ್ನು ಒತ್ತಿ ಹಿಡಿಯುತ್ತಿಲ್ಲ, ಸಮಯ ಕೊಡುತ್ತಿದ್ದೀರಿ. ಆ ಹೊತ್ತು ಬಂದಾಗ ಪಟ್ಟಿ ತೆಗೆದು ಒಂದೊಂದಕ್ಕೂ ಕೇಳಿ: ಇದಕ್ಕೆ ನಾಳೆ ನಾನು ಮಾಡಬಹುದಾದ ಕೆಲಸ ಇದೆಯಾ? ಇದ್ದರೆ ಬರೆದುಕೊಳ್ಳಿ. ಇಲ್ಲದಿದ್ದರೆ ಹೆಜ್ಜೆ 4ರ ಹಾಗೆ, ಗೊತ್ತಿಲ್ಲ ಅನ್ನುವ ಆ ಸಂಕಟದ ಜೊತೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಇದ್ದಕ್ಕಿದ್ದಂತೆ ಗಾಬರಿಯ ದಾಳಿ ಬರುವವರಿಗೆ ಹೊರಗಿನ ವಸ್ತುವಿಗಿಂತ ಸ್ವಂತ ಎದೆಬಡಿತವೇ ಹೆದರಿಕೆ. ಆ ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಬೇಕೆಂದೇ ಆ ಲಕ್ಷಣಗಳನ್ನು ತಂದುಕೊಂಡು ಅಭ್ಯಾಸ ಮಾಡಬಹುದು. ನಿಂತಲ್ಲೇ 1 ನಿಮಿಷ ಓಡಿದರೆ ಎದೆ ಬಡಿದುಕೊಳ್ಳುತ್ತದೆ, ತಿರುಗುವ ಕುರ್ಚಿಯಲ್ಲಿ 1 ನಿಮಿಷ ಸುತ್ತಿದರೆ ತಲೆ ಸುತ್ತುತ್ತದೆ. ಇಂಥ ಎದೆಬಡಿತ ಅಪಾಯವಲ್ಲ ಅಂತ ಮಿದುಳಿಗೆ ತೋರಿಸುವ ದಾರಿ ಇದು. ಹೃದಯದ ಕಾಯಿಲೆ, ಅಸ್ತಮಾ, ಮೂರ್ಛೆರೋಗ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು. ಇನ್ನೊಂದು ಮಾತು, ಕಾಫಿ ಜಾಸ್ತಿ ಕುಡಿಯುವವರು ಎರಡು ವಾರ ಕಡಿಮೆ ಮಾಡಿ ನೋಡಿ. ಕೆಫೀನ್ ಆತಂಕವನ್ನು ಏರಿಸುತ್ತದೆ.

ಮನೆಯವರಿಗೆ ಎರಡು ಮಾತು

ತಳ್ಳಬೇಡಿ, ನಗಬೇಡಿ, "ಅಷ್ಟಕ್ಕೆಲ್ಲ ಹೆದರ್ತಾರಾ" ಅನ್ನಬೇಡಿ. ಹಾಗಂತ ಅವರ ಬದಲು ನೀವೇ ಎಲ್ಲ ಮಾಡಿಕೊಡುವುದೂ ಬೇಡ. "ಏನೂ ಆಗಲ್ಲ ಅಲ್ವಾ?" ಅಂತ ಹತ್ತನೇ ಸಲ ಕೇಳಿದಾಗ "ತುಂಬಾ ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ, ನಾನು ಇಲ್ಲೇ ಇರ್ತೀನಿ" ಅನ್ನಿ. ಭರವಸೆ ಕೊಡುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಸಹಾಯ ಬೇಕಾದಾಗ

ಆರೆಂಟು ವಾರ ಮನಸ್ಸಿಟ್ಟು ಮಾಡಿದರೂ ಏಣಿ ಅಲ್ಲೇ ನಿಂತಿದ್ದರೆ, ಅಥವಾ ಮೊದಲ ಮೆಟ್ಟಿಲೇ ಆಗುತ್ತಿಲ್ಲ ಅಂದರೆ, ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ. "ಎದುರಿಸುವ ಚಿಕಿತ್ಸೆ ಮಾಡುತ್ತೀರಾ?" ಅಂತ ನೇರವಾಗಿ ಕೇಳಿ. ನಿರ್ದಿಷ್ಟ ಫೋಬಿಯಾಗಳಿಗೆ ಒಂದೇ ದಿನ, ಸುಮಾರು 3 ಗಂಟೆಯವರೆಗೆ ಕೂತು ಮಾಡುವ ಚಿಕಿತ್ಸೆಯೂ ಇದೆ, ಅದನ್ನೂ ಓಸ್ಟ್ ಅವರೇ ರೂಪಿಸಿದ್ದು. ದೀರ್ಘ ಕಾಲದ ಆತಂಕಕ್ಕೆ ಮನೋವೈದ್ಯರು ಔಷಧಿ ಕೊಡಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಥಟ್ಟನೆ ಶಾಂತ ಮಾಡುವ ಕೆಲವು ಮಾತ್ರೆಗಳು ಮಾತ್ರ ಅಭ್ಯಾಸವಾಗಿಬಿಡುತ್ತವೆ. ಅವನ್ನು ನೀವಾಗಿ ತೆಗೆದುಕೊಳ್ಳಬೇಡಿ, ನೀವಾಗಿ ಥಟ್ಟನೆ ನಿಲ್ಲಿಸಲೂಬೇಡಿ.

ಭಯ ವಾಪಸ್ ಬಂದರೆ

ಬರುತ್ತದೆ. ಹೊಸ ಕಲಿಕೆ ಹಳೆಯ ಭಯವನ್ನು ಅಳಿಸಿಹಾಕುವುದಿಲ್ಲ, ಅದರ ಪಕ್ಕದಲ್ಲಿ ಕೂರುತ್ತದೆ. ನಿದ್ದೆಗೆಟ್ಟಾಗ, ಬೇರೆ ಜಾಗಕ್ಕೆ ಹೋದಾಗ, ಬಹಳ ದಿನ ಅಭ್ಯಾಸ ಬಿಟ್ಟಾಗ ಹಳೆಯದು ಮೇಲೆ ಬರುತ್ತದೆ. ಆಗ ಎಲ್ಲ ಮೊದಲಿನಿಂದ ಶುರು ಮಾಡಬೇಕಿಲ್ಲ. ಹಳೆಯ ನೋಟ್‌ಬುಕ್ ತೆಗೆಯಿರಿ, ಊಹೆ ಬರೆಯಿರಿ, ಎರಡು ಮೆಟ್ಟಿಲು ಕೆಳಗಿನಿಂದ ಹತ್ತಿ.

ನನಗೆ ಒಂದೂವರೆ ವರ್ಷದ ನಂತರ ಬಂತು. ಗುರುತಿಲ್ಲದ ಕಟ್ಟಡ, ಕಿರಿದಾದ ಹಳೆಯ ಲಿಫ್ಟ್, ಮಂಕು ದೀಪ. ಗಂಟಲು ಅದೇ ಹಳೆಯ ರೀತಿಯಲ್ಲಿ ಬಿಗಿಯಿತು. ಪಕ್ಕದಲ್ಲೇ ಮೆಟ್ಟಿಲು ಇತ್ತು. ಅದರ ಕಡೆ ಎರಡು ಹೆಜ್ಜೆ ಇಟ್ಟೂ ಇದ್ದೆ. ಅಲ್ಲೇ ನಿಂತು ಚೀಲದಿಂದ ನೋಟ್‌ಬುಕ್ ತೆಗೆದೆ. ಆ ಪುಟದಲ್ಲಿ ಇಷ್ಟೇ ಇದೆ: "ಹೊಸ ಲಿಫ್ಟ್, 70. ಎರಡನೇ ಸಲ, 60. ಮೂರನೇ ಸಲ ಅಂಕ ಹಾಕಲು ಮರೆತೆ."